ಕಣದ ಕಾನೂನು

ಮಾನ್ಯ ಏಕಾಂತಪ್ಪನವರಿಗೆ ನಮಸ್ಕಾರ.

ತೋಟದ ನಡುವೆ ನೀವು ಕಾಫಿ ಒಣಗಿಸುವ ಕಣ ಇನ್ನು ಹೋಂಸ್ಟೇ ಕಾರುಗಳಿಗೆ, ನಮ್ಮ ಹುಡುಗಿಯರ ಫುಟ್‌ಬಾಲಿಗೆ ಚೆಂಡು ಹೊರಹೋಗದಂತೆ ಸುತ್ತ ಬಲೆ ಕಟ್ಟಿದ ಬೇರೆ ಮೈದಾನ ಎಂದಿದ್ದೀರಿ. ದೊಡ್ಡ ಮನಸ್ಸು. ಆದರೆ ಬೇಡ.

ತಂಡ ಕಟ್ಟಿದ ಹುಚ್ಚಮ್ಮನವರು ಆ ಕಣದಲ್ಲೇ ಕಾನೂನು ಮಾಡಿದ್ದರು: “ಚೆಂಡು ತೋಟಕ್ಕೆ ಒದ್ದೋಳೇ ಇಳಿದು ತರ್ಬೇಕು ಮಾರಾಯ್ತಿ, ಕಾಲಿಗೆ ರಕ್ತ ಹೀರೋ ಇಂಬಳ ಹತ್ತಿದ್ರೂ ಸೈ!” ಆ ಭಯಕ್ಕೆ ನಮ್ಮವರು ಚೆಂಡನ್ನು ನೆಲ ಬಿಟ್ಟು ಏಳಿಸಲೇ ಇಲ್ಲ. ಇವತ್ತು ತೋಟದ ಕೆಲಸದ ನಡುವೆಯೂ ಲೀಗಿನಲ್ಲಿ ಸಂಭಾವನೆ ಪಡೆದು ಆಡುತ್ತಿರುವುದು ಆ ನೆಲದಾಟದಿಂದಲೇ. ಸಂಬಳ ಕೇಳದ ಕೋಚ್ ಎಂದರೆ ನಮಗೆ ಇಂಬಳವೇ. ಬಲೆ ಕಟ್ಟಿದರೆ ಆ ಕೋಚನ್ನು ಓಡಿಸಿದಂತೆ.

ಮಳೆಗಾಲದಲ್ಲಿ ಖಾಲಿ ಬೀಳುವ ಕಣವನ್ನು ನಮಗೇ ಬಿಡಿ. ಭಾನುವಾರ ಬಂದು ಆಟ ನೋಡಿ, ನೀವೂ ಒಂದು ಸಲ ಒದೆಯಿರಿ. ಕಾನೂನು ಮಾಲೀಕರಿಗೂ ಒಂದೇ. ಇಂಬಳ ಬಿಡಿಸಲು ಉಪ್ಪು ನಾನೇ ತಂದಿರುತ್ತೇನೆ.

ಇಂತಿ,
ಕಲ್ಲೇಶ್, ತಂಡದ ಮ್ಯಾನೇಜರ್
ಮೂಡಿಗೆರೆ