ನಲ್ಲಿಗೆ ಬಿದ್ದ ಬೀಗ

ಮಂಗಳವಾರ, ಹನ್ನೊಂದನೇ ತಾರೀಖು.

ಆ ಬೀಗ ಇನ್ನೂ ಕಣ್ಣಿಗೆ ಚುಚ್ಚುತ್ತಿದೆ. ಹೋದ ವರ್ಷ ನಮ್ಮ ಬೀದಿಗೆ ಶುದ್ಧ ನೀರಿನ ನಲ್ಲಿ ಹಾಕಿಸಿದ ಕಂಪನಿಯವರು ಇವತ್ತು ಕ್ಯಾಮೆರಾ ಹೊತ್ತು ಬಂದಿದ್ದರು. ಸಮಾಜಸೇವೆಯ ಯಾವುದೋ ಪ್ರಶಸ್ತಿಗೆ ಚಿತ್ರ ಕಳಿಸಬೇಕಂತೆ. ಅದರಲ್ಲಿ ನಲ್ಲಿ ಬರುವ ಮುಂಚಿನ ನಮ್ಮ ಗೋಳು ಕಾಣಬೇಕಂತೆ! ಯಾರೂ ನೀರು ಹಿಡಿಯದಂತೆ ನಲ್ಲಿಗೆ ಬೀಗ ಜಡಿದರು. ಅತ್ತೆಯ ಸೊಂಟಕ್ಕೆ ಕೊಡ ಏರಿಸಿ ಹಳೇ ಬಾವಿಯ ದಾರಿ ಹಿಡಿಸಿದರು.

"ಸ್ವಲ್ಪ ಸುಸ್ತಾದೋರ ಥರ ನಡೀರಿ ಅಮ್ಮಾ," ಎಂದ ಮ್ಯಾನೇಜರು.

"ಮಂಡಿನೋವಿಗೆ ನಾಟಕ ಬೇರೆ ಬೇಕೇನಪ್ಪಾ?" ಎಂದರು ಅತ್ತೆ.

ನೋವಿಗೆ ಕಿವುಚಿದ ಆ ಮುಖ ಅವನಿಗೆ ಬಹಳ ಹಿಡಿಸಿತು. ಮತ್ತೆ ಮತ್ತೆ ನಡೆಸಿದ. ಥೂ, ಇವರ ಸೇವೆಗಿಷ್ಟು ಬೆಂಕಿ ಹಾಕ!

ಸಂಜೆ ಹಲ್ಲು ಕಿರಿದು ಕಾರು ಹತ್ತಿದರು. ಬೀಗದ ಕೈ ಆ ಮ್ಯಾನೇಜರನ ಜೇಬಿನಲ್ಲೇ ಹೋಯಿತು. ಫೋನ್ ಮಾಡಿದರೆ, "ನಾಳಿದ್ದು ಕಳಿಸ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ," ಎನ್ನುತ್ತಾನೆ.

ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಕೊಡ ಬಾಗಿಲ ಹತ್ರಾನೇ ಇರ್ಲಿ ಕಣೇ, ಬೆಳಗ್ಗೆ ಬೇಕು," ಎಂದರು.

ಕೊಡ ಒಳಗಿಟ್ಟೆ. ಬಾಗಿಲ ಹತ್ತಿರ ಸುತ್ತಿಗೆ ಇಟ್ಟಿದ್ದೇನೆ. ನಾಳೆ ಬರಬೇಕಿತ್ತು ಅವರ ಕ್ಯಾಮೆರಾ.