ಮಹಡಿಯ ಹೂವಿಗೆ ಅಂಕ

ಜನವರಿ 6, ಸೋಮವಾರ

ಬೆಳಿಗ್ಗೆ ಎಲ್ಲ ಕುಂಡಗಳಿಗೂ ನೀರು. ಕಿಟಕಿ ಪಕ್ಕದ ಹಸಿರು-ಬಿಳಿಯದರ ಬುಡ ಒಣಗಿತ್ತು, ಅದಕ್ಕೆ ಒಂದು ಲೋಟ ಹೆಚ್ಚು. ಮೂರರಲ್ಲಿ ಮೊಗ್ಗಿದೆ. ಒಂದನ್ನೂ ಸ್ಪರ್ಧೆಗೆ ಇಡುವುದಿಲ್ಲ. ನನ್ನ ಹೂವನ್ನು ಆ ಜನ ಇನ್ನು ನೋಡುವುದು ಬೇಡ.

ಇವರು ಪೇಪರಿನ ಹಿಂದಿನಿಂದ — "ಹೂವಿನ ಮೇಲೂ ಮುನಿಸಾ?"

"ನಿಮ್ಮ ಕಾಫಿ ಆರ್ತಿದೆ."

ಆಮೇಲೆ ಹಲ್ಲಿನ ಡಾಕ್ಟರ ಫೋನ್. ಆರ್ಕಿಡ್ ಸಂಘದ ಅಧ್ಯಕ್ಷರು. "ಅಮ್ಮಾ, ಸ್ಪರ್ಧೆ ಬೇಡ ಅಂದ್ರಿ, ಸರಿ. ತೀರ್ಪಿಗಾದ್ರೂ ಬನ್ನಿ. ಸ್ಲಿಪ್ಪರ್ ಆರ್ಕಿಡ್ ವಿಷಯದಲ್ಲಿ ನಿಮ್ಮ ಕಣ್ಣು ಇನ್ಯಾರಿಗಿದೆ?" ಕಳೆದ ವರ್ಷ ಈ ಮಾತು ಎಲ್ಲಿ ಅಡಗಿತ್ತೋ... ಕೇಳಲಿಲ್ಲ. ಯಾರ್ಯಾರ ಹೂ ಅಂತ ಕೇಳಿದೆ. ಹೆಸರು ಓದಿದರು. ಕೊನೆಯಲ್ಲಿ ನಮ್ಮ ಮಹಡಿಯವಳು. ನನ್ನ ಓರಗಿತ್ತಿ.

"ಬರ್ತೀನಿ" ಅಂದೆ.

ಜನವರಿ 7

ನಿದ್ದೆ ಬರಲಿಲ್ಲ. ಅದೇ ದಿನ ಕಣ್ಣ ಮುಂದೆ.

ಇಂಥ ಹೂವನ್ನು ಹೊತ್ತು ತಿರುಗಿದರೆ ದಂಟು ಮುರಿಯುತ್ತದೆ. ಹಾಗಾಗಿ ತೀರ್ಪುಗಾರರೇ ಮನೆಮನೆಗೆ ಬರುವುದು. ಹೋದ ವರ್ಷ ನನ್ನ ಹಾಲ್ ತುಂಬ ಜನ. ಹೂ ಹೇಗಿತ್ತು! ಮೇಲಿನ ಎಸಳು ನೆಟ್ಟಗೆ, ಪಕ್ಕದವೆರಡು ಒಂದೇ ಸಮ, ಕೆಳಗಿನ ಚೀಲದಂಥ ಎಸಳಿಗೆ ಎಣ್ಣೆ ಹಚ್ಚಿದಂಥ ಹೊಳಪು. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಇವಳು — "ಅಕ್ಕ ಎಸಳಿನ ಹಿಂದೆ ಹತ್ತಿ ಇಟ್ಟು ನೆಟ್ಟಗೆ ಮಾಡ್ತಾರೆ. ನಾನೇ ನೋಡಿದ್ದೀನಿ." ಹತ್ತಿ ಇಟ್ಟು ಎಸಳು ತಿದ್ದಿದರೆ ಹೂ ಸ್ಪರ್ಧೆಯಿಂದ ಹೊರಗೆ. ನಿಯಮ. ಎಲೆಯ ಮೇಲೆ ಹತ್ತಿಯ ಎಳೆ ಸಿಕ್ಕಿತು. ಹಿಟ್ಟು ತಿಗಣೆ ಹುಳು ಒರೆಸಿದ್ದು ಅಂದೆ. ಯಾರೂ ನನ್ನ ಮುಖ ನೋಡಲಿಲ್ಲ. ಹೂವನ್ನು ಹೊರಗಿಟ್ಟರು. ಬಹುಮಾನ ಮಹಡಿಗೆ ಹತ್ತಿತು.

ಮದುವೆಯಾಗಿ ಬಂದಾಗ ಅವಳಿಗೆ ಕುಂಡ ಹಿಡಿಯುವುದನ್ನು ಕಲಿಸಿದ್ದು ನಾನು.

ಜನವರಿ 9, ಗುರುವಾರ

ತಾರಸಿಯಲ್ಲಿ ಬಟ್ಟೆ ಹರವಲು ಹೋದೆ. ಅವಳ ಕಿಟಕಿಯಲ್ಲಿ ಒಂದೇ ಮೊಗ್ಗು, ದಪ್ಪಗೆ. ಇನ್ನೊಂದು ವಾರಕ್ಕೆ ಬಿರಿಯುತ್ತೆ. ಬಿರಿದ ಮೇಲೂ ಈ ಜಾತಿಯದು ಬೆಳೆಯುತ್ತಲೇ ಇರುತ್ತೆ. ಮೊದಲು ಮೇಲಿನ ಎಸಳು ಮುಸುಕು ಹಾಕಿದ ಹಾಗೆ ಮುಂದಕ್ಕೆ ಬಾಗಿರುತ್ತೆ. ಎರಡು ವಾರ ಬೇಕು ಪೂರ್ತಿ ತಲೆಯೆತ್ತಲು.

ಸಂಜೆ ಡಾಕ್ಟರು — "ಅಮ್ಮಾ, ತೀರ್ಪು ಈ ಹತ್ತೊಂಬತ್ತಕ್ಕಾ, ಫೆಬ್ರವರಿ ಎರಡಕ್ಕಾ? ನೀವು ಹೇಳಿದ ಹಾಗೆ."

"ಹತ್ತೊಂಬತ್ತು. ಬಿಸಿಲು ಏರೋದರೊಳಗೆ ಮುಗಿಸಿಬಿಡೋಣ."

ಇದರಲ್ಲಿ ತಪ್ಪು ಹುಡುಕಲಿ ನೋಡೋಣ. ತಾರೀಖು ತಾರೀಖೇ.

ಜನವರಿ 16

ಬಿರಿದಿದೆ. ಬಾಗಿದೆ. ಮೆಟ್ಟಿಲಲ್ಲಿ ಸಿಕ್ಕಳು. "ಅಕ್ಕಾ, ಒಂದು ವಾರ ಮುಂದಕ್ಕೆ ಹಾಕೋಕೆ ಹೇಳ್ತೀರಾ? ನಿಮ್ಮ ಮಾತು ಕೇಳ್ತಾರೆ." ಹೋದ ವರ್ಷದಿಂದ ಈಚೆಗೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು. ಎಷ್ಟು ಮೃದು!

"ಎಲ್ಲರಿಗೂ ಅದೇ ದಿನ ಕಣೇ. ನಿನಗೊಬ್ಬಳಿಗೆ ಬೇರೆ ಕ್ಯಾಲೆಂಡರಾ?"

ಸರಸರ ಮೆಟ್ಟಿಲಿಳಿದೆ. ಮೊಣಕಾಲು ನೋವೂ ಗೊತ್ತಾಗಲಿಲ್ಲ.

ಜನವರಿ 19, ಭಾನುವಾರ

ಆಯಿತು. ಮೊದಲಿಂದ ಬರೆಯುತ್ತೇನೆ.

ಕೊನೆಗೆ ಅವಳ ಮನೆ. ಇಪ್ಪತ್ತು ಜನ. ಮೈದುನ ಕುರ್ಚಿ ಹಾಕುತ್ತಿದ್ದ, ನನ್ನನ್ನು ಕಂಡು ಕೈಯಲ್ಲಿದ್ದ ಕುರ್ಚಿಯನ್ನೇ ನನಗೆ ಕೊಟ್ಟ. ಹೂ ನೋಡಿದೆ. ಎಸಳು ನೆಟ್ಟಗೆ ನಿಂತಿದೆ! ಡಾಕ್ಟರು ಹಲ್ಲು ನೋಡುವವರ ಹಾಗೆ ಬಗ್ಗಿ, "ಆಹಾ" ಅಂದರು. ನಾನು ಆಹಾ ಅನ್ನಲಿಲ್ಲ. ಮೂರು ದಿನದ ಹೂವಿಗೆ ಈ ನಿಲುವು ಬರುವುದಿಲ್ಲ. ಭೂತಗನ್ನಡಿ ತೆಗೆದು ಎಸಳಿನ ಹಿಂದೆ ಹಿಡಿದೆ. ರೋಮಗಳ ನಡುವೆ ಎರಡು ಬಿಳಿ ಎಳೆ.

ನನ್ನ ಎದೆ ಹೊಡೆದುಕೊಂಡದ್ದು... ಸಂತೋಷಕ್ಕೇ. ಸುಳ್ಳೇಕೆ ಬರೆಯಲಿ.

"ಡಾಕ್ಟ್ರೇ, ಬನ್ನಿ. ಹತ್ತಿ."

"ಅದು... ಹಿಟ್ಟು ತಿಗಣೆ ಒರೆಸಿದ್ದು ಅಕ್ಕಾ."

"ಹೋದ ವರ್ಷ ನಾನೂ ಇದನ್ನೇ ಹೇಳಿದ್ದೆ. ನೀನು ನಂಬಿದ್ಯಾ?"

"ಸ್ವಲ್ಪ ಕೂತ್ಕೊಳ್ಳೋಣ" ಅಂದೆ. ಕೂತೆವು. ಎಲ್ಲರ ಕಣ್ಣೆದುರಿಗೆ, ಹತ್ತಿಯ ಆಸರೆ ತಪ್ಪಿದ ಎಸಳು ಮೆಲ್ಲಮೆಲ್ಲಗೆ ಮುಂದಕ್ಕೆ ಬಾಗಿತು. ಸಾಕ್ಷಿ ಹೇಳಲು ನಾನೂ ಬೇಕಾಗಲಿಲ್ಲ. ಡಾಕ್ಟರು ಅವಳ ಚೀಟಿಗೆ ಅಡ್ಡಗೆರೆ ಹೊಡೆದರು. ಅವಳು ಅಳಲಿಲ್ಲ. ಅತ್ತಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಇವರು ಮೆಟ್ಟಿಲಿಳಿಯುತ್ತ, "ಹೊಟ್ಟೆ ತುಂಬಿತಾ?"

"ತುಂಬಿತು."

ಜನವರಿ 20

ಮೂರು ಜನ ಫೋನ್ ಮಾಡಿ, "ಹೋದ ವರ್ಷ ನಿಮಗೂ ಅನ್ಯಾಯ ಆಗಿತ್ತೇನೋ" ಅಂದರು. ಏನೋ! ಆ 'ಏನೋ' ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಅವಳು ಮೋಸ ಮಾಡಿದಳು ಅಂತ ಆಯಿತು. ನಾನು ಮಾಡಲಿಲ್ಲ ಅಂತ ಆಗಲಿಲ್ಲ.

ಫೆಬ್ರವರಿ 2, ಭಾನುವಾರ

ತಾರಸಿ. ಅವಳ ಕಿಟಕಿಯಲ್ಲಿ ಅದೇ ಹೂ. ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. ಇಷ್ಟು ದೂರದಿಂದ ನಂಬಬಾರದು... ಗಾಜು ದೊಡ್ಡದಾಗಿ ತೋರಿಸಿರಬೇಕು.

ಫೆಬ್ರವರಿ 3

ಸ್ಕೇಲು ತೆಗೆದುಕೊಂಡು ಹತ್ತಿದೆ. ನೋಡದೆ ಇರಲು ಆಗಲಿಲ್ಲ.

"ಇನ್ನೂ ಏನು ಉಳಿದಿದೆ ಅಕ್ಕಾ?"

"ಹೂ ತೋರಿಸು."

ಒಳಗೆ ಬಿಟ್ಟಳು. ಗಾಜಿನದಲ್ಲ ತಪ್ಪು. ಹತ್ತಿಯಿಲ್ಲ, ಕಡ್ಡಿಯಿಲ್ಲ. ಮೇಲಿನ ಎಸಳು ತಾನೇ ತಲೆಯೆತ್ತಿ ನಿಂತಿದೆ, ಬೀಸಣಿಗೆ ಬಿಚ್ಚಿದ ಹಾಗೆ. ಪಕ್ಕದವು ನನ್ನ ಗೇಣು ಮೀರಿವೆ. ಅಳೆದೆ. ಮತ್ತೆ ಅಳೆದೆ. ಇಷ್ಟು ವರ್ಷದಲ್ಲಿ ನನ್ನ ಮನೆಯಲ್ಲಿ ಇಂಥದ್ದು ಅರಳಿಲ್ಲ.

"ತಾರೀಖು ನೀವೇ ಹೇಳಿದ್ದಂತೆ. ಡಾಕ್ಟ್ರು ಅಂದ್ರು."

"ಹೌದು."

"ಆ ದಿನಕ್ಕೆ ಹೂ ಇನ್ನೂ ಬಾಗಿರುತ್ತೆ ಅಂತ ಗೊತ್ತಿದ್ದೂ?"

"ನನಗೆ ಗೊತ್ತಿಲ್ಲದೆ ಇರುತ್ತಾ?"

ಕುಂಡವನ್ನು ಬೆಳಕಿಗೆ ತಿರುಗಿಸಿಟ್ಟಳು. ಆಮೇಲೆ — "ಹೋದ ವರ್ಷ ನಾನು ಏನೂ ನೋಡಿರಲಿಲ್ಲ. ನೀವು ಗೆಲ್ಲೋದನ್ನ ನೋಡೋಕೆ ಆಗ್ಲಿಲ್ಲ, ಅಷ್ಟೇ. ಸಂಘದಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಆದರೆ ಮೊದಲು ನೀವು ಹೇಳಿ. ಇವತ್ತು ತೀರ್ಪಾಗಿದ್ರೆ ನೂರಕ್ಕೆ ಎಷ್ಟು ಕೊಡ್ತಿದ್ರಿ?"

ನನ್ನ ಹೆಸರು ಅವಳ ಬಾಯಲ್ಲಿ. ಅವಳ ಅಂಕ ನನ್ನ ಬಾಯಲ್ಲಿ.

"ಒಂದು ಸಂಖ್ಯೆ ಅಕ್ಕಾ. ನಿಮ್ಮ ಗಂಟು ಹೋಗುತ್ತಾ?"

ಸ್ಕೇಲನ್ನು ಸೆರಗಿನಲ್ಲಿ ಒರೆಸಿಕೊಂಡೆ. "ಅಡ್ಡಗೆರೆ ಹೊಡೆದ ಹೂವಿಗೆ ಅಂಕ ಇರೋದಿಲ್ಲ" ಅಂದೆ. ಬಾಗಿಲು ನಾನೇ ಎಳೆದುಕೊಂಡು ಬಂದೆ.

ಅವಳು ಹೇಳುವುದಿಲ್ಲ ಇನ್ನು. ಬೇಡ. ಆ 'ಏನೋ' ಜೊತೆಗೇ ಇರುತ್ತೇನೆ. ಅವಳಿಗೆ ಮಾತ್ರ ಆ ಸಂಖ್ಯೆ ಸಿಗಬಾರದು, ಸಾಯುವವರೆಗೂ.

ಆದರೆ ಕಣ್ಣು ಕಂಡದ್ದನ್ನು ಎಲ್ಲಿಯಾದರೂ ಇಳಿಸಬೇಕಲ್ಲ. ಇಲ್ಲಿ ಯಾರು ಓದುತ್ತಾರೆ. ಬಣ್ಣ, ನಿಲುವು, ಅಳತೆ, ಎಲ್ಲ ಸೇರಿ ತೊಂಬತ್ತ— ಬೇಡ. ಇಲ್ಲೂ ಬೇಡ.