ನೋಡಿ ಬರೆದ ಕಾಗದ

ತಿಕೋಟಾ
ತಾ. ೧೪ ಮಾರ್ಚ್ ೧೯೪೯

ಬಬಲೇಶ್ವರದ ಗೆಳೆಯ ಶಿವಶರಣಪ್ಪನಿಗೆ ಗುರಲಿಂಗಪ್ಪನ ಶರಣು.

ನಾವಿಲ್ಲಿ ಉಸಿರಾಡಿಕೊಂಡು ಇದ್ದೇವೆ. ನಿಮ್ಮ ಮನೆಯಲ್ಲೂ ಎಲ್ಲರೂ ಗಟ್ಟಿಯಾಗಿರಲಿ. ನಿನ್ನ ಕಾಗದ ಶಿವರಾತ್ರಿಗಿಂತ ಮೊದಲೇ ಬಂದಿತ್ತು. ತಡವಾಯಿತು, ತಪ್ಪು ತಿಳಿಯಬೇಡ ಎಂದು ಬರೆಯುವುದು ರೂಢಿ. ನೀನು ತಪ್ಪು ತಿಳಿದರೂ ನನಗೇನೂ ಇಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾಯುತ್ತಿದ್ದೆ. ಇಳಿಯಲಿಲ್ಲ. ಇದ್ದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಬಿಳಿಜೋಳ ರಾಶಿಯಾಯಿತು. ನನ್ನ ಹೆಂಡತಿ ರುದ್ರವ್ವನ ಮೊಣಕಾಲು ನೋವು ಹಾಗೇ ಇದೆ. ಬಾಯಿಗೆ ಮಾತ್ರ ಏನೂ ಆಗಿಲ್ಲ. ನಿನ್ನ ಕಾಗದ ಓದಿ ಹೇಳಿದಾಗ ಅವಳು ಅಂದದ್ದು: "ಆ ಮನಷ್ಯಾಗ ಇನ್ನೂ ಶಾಯಿ ಸಿಗತೈತೇನ್ರಿ?"

ನಮ್ಮೂರಿನ ಹುಡುಗ ಮಡಿವಾಳಪ್ಪ, ವಿಜಾಪುರದ ಗಾಂಧಿ ಚೌಕದ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿರುವವನು, ನಿನ್ನ ಮಗಳು ಅಕ್ಕನಾಗಮ್ಮನಿಗೆ ಆದಾನೇ, ನೋಡಿ ವಿವರವಾಗಿ ಬರೆ ಎಂದು ಕೇಳಿದ್ದೀಯ. 'ವಿವರವಾಗಿ' ಎಂಬ ಮಾತಿಗೆ ಬಂದಾಗ ನಾನು ಕಾಗದ ಕೆಳಗಿಟ್ಟೆ.

ಐದು ವರ್ಷದ ಹಿಂದೆ ನಾನು ಜ್ವರದಲ್ಲಿ ಮಲಗಿದ್ದೆ. ಮಗಳು ಗುರುಸಿದ್ದವ್ವನಿಗೆ ಇಬ್ರಾಹಿಂಪುರದ ಒಂದು ಮನೆಯಿಂದ ಮಾತು ಬಂದಿತ್ತು. "ನೀ ಮಲಕೋ ಗುರಲಿಂಗ, ನಿನ್ನ ಮಗಳು ನನ್ನ ಮಗಳಲ್ಲೇನು? ನಾ ನೋಡಿ ಬರತೇನಿ" ಎಂದೆ ನೀನು. ಹೋಗಿ ಬಂದು ಬರೆದೆ. ನನಗೆ ಬಾಯಿಪಾಠ ಇದೆ: "ಹುಡುಗ ಬಂಗಾರ. ಗಂಭೀರ ಸ್ವಭಾವ. ತುಂಬಿದ ಮನೆ, ಹೊಕ್ಕರೆ ಮನಸ್ಸು ತಣ್ಣಗಾಗುತ್ತದೆ. ನಮ್ಮ ಹುಡುಗಿ ಅಲ್ಲಿ ಹೂವಿನಂತೆ ಇರುತ್ತಾಳೆ." ಓದಿ ನಾನು ಜ್ವರದಲ್ಲೇ ಎದ್ದು ಕೂತು ಅಂಬಲಿ ಕೇಳಿದೆ. ಅಷ್ಟು ಹಿಗ್ಗು.

ಮದುವೆಯ ದಿನ ಬಾಸಿಂಗದ ಕೆಳಗೆ ಅವನ ಮುಖ ಕಂಡೆ. ಕೆನ್ನೆಯಿಂದ ಕೊರಳವರೆಗೆ ಸುಟ್ಟ ಕಲೆ. ಸಣ್ಣವನಿದ್ದಾಗ ಎಣ್ಣೆ ಬಿದ್ದದ್ದಂತೆ. ನನಗೇನೂ ಅನ್ನಿಸಲಿಲ್ಲ. ಕಲೆ ಇದ್ದವರು ಬಾಳುವುದಿಲ್ಲವೇ? ನೀನು ದೊಡ್ಡ ಮನಸ್ಸಿನಿಂದ ಅದನ್ನು ಬಿಟ್ಟು ಬರೆದಿದ್ದೀಯ ಎಂದುಕೊಂಡೆ. ಕೆಟ್ಟದ್ದು ಆ ಕಲೆ ಅಲ್ಲ, ಅವನ ಕೈ. ಅವನ ಹೆಸರು ಬರೆದು ಈ ಹಾಳೆ ಕೆಡಿಸುವುದಿಲ್ಲ. ಮೂರು ವರ್ಷ ಹೊಡೆದ. ಗುರುಸಿದ್ದವ್ವನ ಎಡಗಿವಿ ಹೋಯಿತು. ಈಗ ಆ ಕಡೆ ಕೂತು ಮೆಲ್ಲಗೆ ಆಡಿದ ಮಾತು ಅವಳಿಗೆ ಮುಟ್ಟುವುದೇ ಇಲ್ಲ. ಕರೆದುಕೊಂಡು ಬಂದು ಮನೆಯಲ್ಲಿಟ್ಟುಕೊಂಡಿದ್ದೇನೆ. ನೀನು ಒಮ್ಮೆಯೂ ಬರಲಿಲ್ಲ. "ಎಲ್ಲ ದೈವ" ಎಂದು ಒಂದು ಕಾರ್ಡು ಹಾಕಿದೆ.

ನಿನ್ನ ಬರವಣಿಗೆ ಮೊದಲಿಂದಲೂ ಹಾಗೇ ಬಿಡು. ಮಾಸ್ತರು ನಮ್ಮನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದದ್ದು ನೆನಪಿದೆಯಾ? ಕಾಲು ನೋಯುತ್ತವೆಂದು ನೀನು ಒಳಗೇ ಬರಲಿಲ್ಲ. ಹೊರಗೆ ಬೇವಿನ ನೆರಳಿಗೆ ಕೂತು ಕಡಲೆ ತಿಂದೆ. ಮರುದಿನ ಬರೆದೆ: "ಆಹಾ ಗುಮ್ಮಟವೇ, ನಿನ್ನ ಒಡಲಲ್ಲಿ ನಿಂತಾಗ ನನ್ನೆದೆ ನಡುಗಿತು!" ನಾನು ಬರೆದದ್ದು: "ಮೆಟ್ಟಿಲಲ್ಲಿ ಕತ್ತಲೆ. ಪಾರಿವಾಳದ ಹಿಕ್ಕೆ ಕಾಲಿಗೆ ಹತ್ತಿತು. ಗೋಡೆಗೆ ಬಾಯಿ ಹಚ್ಚಿ ಶಿವಶರಣನನ್ನು ಬೈದೆ, ಬೈಗುಳ ತಿರುಗಿ ನನಗೇ ಬಂತು." ಮಾಸ್ತರು ನಿನ್ನದನ್ನು ಎಲ್ಲರ ಮುಂದೆ ಓದಿಸಿದರು, ನನಗೆ ಛಡಿ ಕೊಟ್ಟರು. ಅದೇ ವರ್ಷ ನಾನು ಸಾಲಿ ಬಿಟ್ಟೆ. ನೀನು ಬರೆಯುತ್ತಲೇ ಹೋದೆ.

ಸೇಡಿಗೆ ದಾರಿಯನ್ನೂ ಈಗ ನೀನೇ ಕೊಟ್ಟೆ. ಮೊದಲು ನಾನು ಉತ್ತರವಾಗಿ ನಿನ್ನ ಹಳೆಯ ಮಾತನ್ನೇ ಒಂದಕ್ಷರ ಬಿಡದೆ ಬರೆದೆ: ಹುಡುಗ ಬಂಗಾರ, ಗಂಭೀರ, ಹೂವಿನಂತೆ ಇರುತ್ತಾಳೆ. ಹೆಸರು ಮಾತ್ರ ಮಡಿವಾಳಪ್ಪನದು. ಅವನು ಎಂಥವನಾದರೂ ಆಗಿರಲಿ, ನಾನು ಉಂಡದ್ದನ್ನು ನೀನೂ ಉಣ್ಣು ಎಂದುಕೊಂಡು ರುದ್ರವ್ವನಿಗೆ ಓದಿ ಹೇಳುತ್ತಿದ್ದೆ. ಒಲೆಯ ಮುಂದಿದ್ದ ಗುರುಸಿದ್ದವ್ವ ಬಲಗಿವಿ ಈ ಕಡೆ ತಿರುಗಿಸಿ ಕೇಳಿದಳು. ಎದ್ದು ಬಂದು ಕಾಗದ ಕಸಿದು ಒಲೆಗೆ ಹಾಕಿದಳು.

"ಅಕ್ಕನಾಗಮ್ಮಗ ಎರಡೂ ಕಿವಿ ಕೇಳತಾವ ಯಪ್ಪಾ. ಹಂಗ ಇರಲಿ ಬಿಡು."

"ಅವರಪ್ಪ ನಿನಗ ಮಾಡಿದ್ದು?"

"ಮಾಡಿದ್ದು ಅವರಪ್ಪ, ಅಕಿ ಅಲ್ಲ. ನಡಿ, ಹುಡುಗನ್ನ ನೋಡಿ ಬರೋಣು. ನೋಡೂದು ಹ್ಯಾಂಗ ಅಂತ ನನಗ ಈಗ ಗೊತ್ತೈತಿ."

ಇಬ್ಬರೂ ಹೋಗಿ, ಕುಪ್ಪಸದ ಖಣ ಕೊಳ್ಳುವವರ ಹಾಗೆ ಆ ಅಂಗಡಿಯಲ್ಲಿ ಕೂತೆವು. ಕಂಡದ್ದನ್ನು ಬರೆಯುತ್ತೇನೆ, ತೆಗೆದುಕೋ. ಹುಡುಗ ನನ್ನ ಭುಜದವರೆಗೆ ಬರುತ್ತಾನೆ. ಬಣ್ಣ ಕಪ್ಪು. ಮುಂದಿನ ಹಲ್ಲೊಂದು ಮುರಿದಿದೆ. ತಂಬಾಕು ತಿನ್ನುತ್ತಾನೆ, ಉಗುಳಲು ಹೊರಗೆ ಹೋಗುತ್ತಾನೆ. ಅಂಗಿಯ ಮೊಣಕೈ ಹರಿದಿತ್ತು. ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಹನಮವ್ವ ಎಂಬ ಮುದುಕಿ ಅವನ ಜೀವ ತಿನ್ನುತ್ತಿದ್ದಳು.

"ಯಾಕೋ ತಮ್ಮಾ, ನಿಮ್ಮ ಗಜಾ ವರ್ಷದಿಂದ ವರ್ಷಕ್ಕ ಗಿಡ್ಡ ಆಗಾಕತ್ತೈತಲ್ಲೋ?"

"ಗಜಾ ಅಷ್ಟ ಐತಿ ಬೇ ಯಮ್ಮಾ, ನೀನ ಅಗಲ ಆಗಾಕತ್ತಿ."

ಮುದುಕಿ ನಕ್ಕು ಅವನ ತಲೆಗೊಂದು ಕೊಟ್ಟಳು. ಅಷ್ಟರಲ್ಲಿ ಅಂಗಡಿಯ ಸಾಹುಕಾರ ಒಳಗಿಂದ ಬಂದ. ಅರಿವೆ ಓರೆಯಾಗಿ ಹರಿದಿದ್ದೀ ಎಂದು ಗಿರಾಕಿಗಳ ಮುಂದೆಯೇ ಬಾಯಿಗೆ ಬಂದಂತೆ ಬೈದ. ಹುಡುಗನ ತಾಯಿಯನ್ನೂ ಬಿಡಲಿಲ್ಲ. ನನ್ನ ಕೈ ಸುಮ್ಮನಿರಲಿಲ್ಲ, ಎದ್ದೆ. ಗುರುಸಿದ್ದವ್ವ ಧೋತರ ಹಿಡಿದು ಜಗ್ಗಿದಳು.

"ಕೂಡು ಯಪ್ಪಾ. ನಾ ನೋಡಾಕ ಬಂದಿದ್ದು ಇದನ್ನ. ಬೈಸಿಕೊಂಡ ಮ್ಯಾಲ ಮುಂದ ಕುಂತ ಬಡವರ ಕೂಡ ಹ್ಯಾಂಗ ಮಾತಾಡತಾನ, ಅದನ್ನ ನೋಡಬೇಕು."

ಅವಳ ಗಂಡ ಹೊರಗೆ ಬೈಸಿಕೊಂಡ ದಿನವೇ ಮನೆಯಲ್ಲಿ ಕೈ ಎತ್ತುತ್ತಿದ್ದನಂತೆ. ನನಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹುಡುಗ ಗಜ ಕೆಳಗಿಟ್ಟ. ಹೊರಗೆ ಹೋಗಿ ನೀರು ಕುಡಿದು ಬಂದ. ಹನಮವ್ವನ ಖಣವನ್ನು ಮತ್ತೆ ಮೊದಲಿಂದ ಅಳೆದ. "ತಗೋ ಬೇ ಯಮ್ಮಾ. ಇನ್ನ ನೀನೂ ಒಂದೀಟು ಬೈದುಬಿಡು, ರೂಢಿ ಆಗೇತಿ" ಎಂದ. ದನಿ ಮೊದಲಿನಷ್ಟೇ ಇತ್ತು. ಮುದುಕಿ ಬೈಯಲಿಲ್ಲ.

ಇಷ್ಟು ಕಂಡೆವು. ಹುಡುಗ ಒಳ್ಳೆಯವನೋ ಕೆಟ್ಟವನೋ? ಹೇಳುವುದಿಲ್ಲ. ಅದೇ ನನ್ನ ಸೇಡು ಎಂದು ತಿಳಿ. ನೀನು ನನಗೆ ಬರೀ ಬಂಗಾರ ಕೊಟ್ಟೆ, ಕಂಡದ್ದನ್ನು ಕೊಡಲಿಲ್ಲ. ನಾನು ಕಂಡದ್ದನ್ನು ಕೊಟ್ಟಿದ್ದೇನೆ, ಬಂಗಾರವಿದ್ದರೆ ನೀನೇ ಹುಡುಕಿಕೋ. ರಾತ್ರಿ ನಿದ್ದೆ ಬಾರದಿದ್ದರೆ ಬಾರದಿರಲಿ, ನನಗೂ ಬಂದಿಲ್ಲ. ಈ ಕಾಗದವನ್ನು ಅಕ್ಕನಾಗಮ್ಮನ ಮುಂದೆ ಗಟ್ಟಿಯಾಗಿ ಓದು. ಗುರುಸಿದ್ದವ್ವನ ಕಿವಿಯ ಮಾತು ನುಂಗಬೇಡ.

ಅಕ್ಕನಾಗಮ್ಮ ಯಾರ ಮನೆ ಹೊಕ್ಕರೂ ನಗುತ್ತ ಬಾಳಲಿ. ಈ ಆಶೀರ್ವಾದ ಅವಳೊಬ್ಬಳಿಗೆ. ನಿನಗೆ ಇದರಲ್ಲಿ ಪಾಲಿಲ್ಲ.

ಗುರಲಿಂಗಪ್ಪ

ತಾ.ಕ.: ಕಾಗದ ಮುಗಿಸಿ ಗುರುಸಿದ್ದವ್ವನಿಗೆ ಓದಿ ಹೇಳಿದೆ. ಮುರಿದ ಹಲ್ಲಿನ ಮಾತು ಬಂದಾಗ ತಡೆದಳು. "ಯಪ್ಪಾ, ಒಂದು ಹಲ್ಲು ಬರೀಲಾರದ ಇರಾಕ ನಿನಗ ಆಗಲಿಲ್ಲ. ನನ್ನ ಗಂಡನ ಮಾರಿ ಮ್ಯಾಲಿನ ಸುಟ್ಟ ಕಲಿ ಶಿವಶರಣ ಕಾಕಾ ಹ್ಯಾಂಗ ಬಿಟ್ಟಾನು? ಅವನ್ನ ಕಂಡವರೆಲ್ಲ ಮೊದಲ ಕೇಳತಿದ್ದದ್ದು ಅದನ್ನ" ಎಂದಳು.

ನಿನ್ನ ಆ ಹಳೆಯ ಕಾಗದವನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓದಿದೆ. ಎತ್ತರವಿಲ್ಲ, ಬಣ್ಣವಿಲ್ಲ, ಮನೆಯ ಬಾಗಿಲು ಯಾವ ಕಡೆಗೆ ಎಂಬುದೂ ಇಲ್ಲ. ನೀನು ದೊಡ್ಡ ಮನಸ್ಸಿನಿಂದ ಬಿಟ್ಟದ್ದಲ್ಲ. ಶಿವಶರಣಾ, ನೀನು ಆ ಮನೆಗೆ ಹೋಗಲೇ ಇಲ್ಲ. ಎಲ್ಲೋ ನೆರಳಿಗೆ ಕೂತು ಕಡಲೆ ತಿಂದು ತಿರುಗಿ ಬಂದೆ.

ಅವಳು ಅಳಲಿಲ್ಲ. ನೀನು ಬಂದರೆ ಚಹಾ ಕೊಡುತ್ತಾಳೆ, ಈಗಲೂ ಕಾಕಾ ಎಂದೇ ಕರೆಯುತ್ತಾಳೆ. ಬಾ. ತಪ್ಪಾಯಿತು ಅನ್ನುವುದಿದ್ದರೆ ಅವಳ ಎಡಗಡೆ ಕೂತು, ಮೆಲ್ಲಗೆ ಅನ್ನು.